ಬೇರೆ ದೇಶಗಳ ಗಡಿ ಜಗಳದಲ್ಲಿ ದೊಡ್ಡಣ್ಣ ಪಕ್ಷ ವಹಿಸ್ಬೇಕಾ? ನೀವೇ ತೂಗಿ ನೋಡೋದು ಹೇಗೆ

ಎಲ್ಲೋ ಎರಡು ದೇಶ ಒಂದು ದ್ವೀಪಕ್ಕೋ ಬೆಟ್ಟದ ಸಾಲಿಗೋ ಕಿತ್ತಾಡೋಕೆ ಶುರು ಮಾಡಿದ್ರೆ ಸಾಕು, ಅರ್ಧ ಗಂಟೆ ಒಳಗೆ ಎಲ್ರ ಕೈಯಲ್ಲೂ ಒಂದೊಂದು ಮ್ಯಾಪು. ಒಬ್ಬ ನೂರು ವರ್ಷ ಹಳೇದು ತೋರಿಸ್ತಾನೆ, ಇನ್ನೊಬ್ಬ ಐನೂರು ವರ್ಷ ಹಳೇದು ತೋರಿಸ್ತಾನೆ, ಆಮೇಲೆ ಬರೋ ಪ್ರಶ್ನೆ ಒಂದೇ, "ದೊಡ್ಡಣ್ಣ (ಅಮೆರಿಕಾದಂಥ ಬಲಾಢ್ಯ ದೇಶ) ಯಾಕೆ ಸುಮ್ನಿದಾನೆ?" ಅಂತ. ಅದರ ಬೆನ್ನಿಗೇ ಇನ್ನೊಂದು ಗುಂಪು, "ಊರ ಉಸಾಬರಿ ಅವನಿಗ್ಯಾಕೆ, ಅವನು ಕೈ ಹಾಕಿದ ಕಡೆಯೆಲ್ಲಾ ಬೂದಿನೇ" ಅಂತ. ನಾನು ಈ ಎರಡೂ ಗುಂಪಲ್ಲಿ ಇದ್ದು ಬಂದೋನು, ಎರಡೂ ಕಡೆ ಗಂಟಲು ಹರ್ಕೊಂಡಿದೀನಿ.

ಬುದ್ಧಿ ಬಂದಿದ್ದು ಒಂದು ಸಣ್ಣ ಮುಖಭಂಗದಿಂದ. ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಕ್ಕಾಗಿ ಬ್ರಿಟನ್ ಮತ್ತೆ ಅರ್ಜೆಂಟೀನಾ ನಡುವೆ ನಡೆದ 1982ರ ಫಾಕ್‌ಲ್ಯಾಂಡ್ ಯುದ್ಧದ ಬಗ್ಗೆ ವಾದ ಮಾಡ್ತಾ "ಆ ದ್ವೀಪ ಬ್ರಿಟನ್ನಿಂದು ಅಂತ ಅಮೆರಿಕಾನೇ ಹೇಳಿದೆಯಲ್ಲಪ್ಪಾ" ಅಂತ ಜೋರಾಗಿ ಹೇಳ್ಬಿಟ್ಟೆ. ಎದುರಿಗಿದ್ದೋನು ತಣ್ಣಗೆ "ಎಲ್ಲಿ ಹೇಳಿದೆ, ತೋರ್ಸು" ಅಂದ. ರಾತ್ರಿ ಎರಡರವರೆಗೂ ಹುಡುಕಿದೆ, ಎಲ್ಲೂ ಇಲ್ಲ! ಸೈಡ್‌ವೈಂಡರ್ ಕ್ಷಿಪಣಿ ಕೊಟ್ಟಿದಾರೆ, ಅಸೆನ್ಶನ್ ದ್ವೀಪದಲ್ಲಿ ವಿಮಾನಕ್ಕೆ ಇಂಧನ ಕೊಟ್ಟಿದಾರೆ, 1982ರ ಏಪ್ರಿಲ್ 30ಕ್ಕೆ "ನಾವು ಬ್ರಿಟನ್ ಕಡೆ" ಅಂತ ಬಹಿರಂಗವಾಗಿ ಹೇಳಿದಾರೆ, ಆದ್ರೆ ದ್ವೀಪದ ಮಾಲೀಕತ್ವ ಯಾರ್ದು ಅನ್ನೋ ಬಗ್ಗೆ ನಮ್ಮದು ಯಾವ ನಿಲುವೂ ಇಲ್ಲ ಅನ್ನೋದು ಅವತ್ತಿಂದ ಅವರು ಹೇಳ್ಕೊಂಡು ಬಂದಿರೋ ಮಾತು. ಅಂದ್ರೆ ಯುದ್ಧದಲ್ಲಿ ಪಕ್ಷ ವಹಿಸಿದ್ರು, ಜಾಗದ ವಿಷಯದಲ್ಲಿ ವಹಿಸ್ಲಿಲ್ಲ. ಇದೆಂಥ ನಾಟಕ ಅಂತ ಅವತ್ತು ಅನ್ನಿಸ್ತು. ಆಮೇಲೆ ಕೂತು ಯೋಚಿಸ್ದಾಗ ಇಡೀ ವಿಷಯದ ಬೀಗದಕೈ ಅಲ್ಲೇ ಇದೆ ಅಂತ ಗೊತ್ತಾಯ್ತು. ಈಗ ಯಾವ ಗಡಿ ಜಗಳದ ಸುದ್ದಿ ಬಂದ್ರೂ ನಾನು ಹೇಗೆ ತೂಗ್ತೀನಿ ಅನ್ನೋದನ್ನ ಇಲ್ಲಿ ಬರೀತಾ ಇದೀನಿ. ಒಂದು ಪೇಪರ್ರು, ಒಂದು ಪೆನ್ನು ಇದ್ರೆ ಸಾಕು.

ಮೊದ್ಲು ಪ್ರಶ್ನೆನ ಮೂರು ತುಂಡು ಮಾಡ್ಕೊಳ್ಳಿ

"ಯಾರ ಕಡೆ?" ಅಂತ ಕೇಳೋದ್ರಲ್ಲಿ ಮೂರು ಬೇರೆ ಬೇರೆ ಪ್ರಶ್ನೆ ಸೇರ್ಕೊಂಡಿದೆ. ಜಾಗ ನ್ಯಾಯವಾಗಿ ಯಾರ್ದು ಅನ್ನೋದು ಒಂದು. ಈಗ ಅಲ್ಲಿ ಆಡಳಿತ ನಡೆಸ್ತಿರೋದು ಯಾರು ಅನ್ನೋದು ಇನ್ನೊಂದು. ಅದನ್ನ ಬದಲಾಯಿಸೋಕೆ ಯಾರಾದ್ರೂ ಬಂದೂಕು ಹಿಡಿದ್ರಾ ಅನ್ನೋದು ಮೂರನೇದು. ಪೇಪರ್ ಮೇಲೆ ಮೂರು ಕಾಲಂ ಎಳ್ಕೊಂಡು ದೊಡ್ಡ ದೇಶ ಕೊಟ್ಟ ಹೇಳಿಕೆ ಯಾವ ಕಾಲಂಗೆ ಸೇರುತ್ತೆ ನೋಡಿ, ಮುಕ್ಕಾಲು ಪಾಲು ವಾದ ಅಲ್ಲೇ ಕರಗಿ ಹೋಗುತ್ತೆ, ಯಾಕಂದ್ರೆ ಜಗಳ ಆಡ್ತಿರೋ ಇಬ್ರೂ ಬೇರೆ ಬೇರೆ ಕಾಲಂ ಬಗ್ಗೆ ಮಾತಾಡ್ತಿರ್ತಾರೆ.

ಜಪಾನ್ ಸೆಂಕಾಕು ಅಂತ, ಚೀನಾ ದಿಯಾವ್ಯು ಅಂತ ಕರೆಯೋ ಜನ ಇಲ್ಲದ ದ್ವೀಪಗಳನ್ನೇ ತಗೊಳ್ಳಿ. ಮಾಲೀಕತ್ವದ ಬಗ್ಗೆ ಅಮೆರಿಕಾ ನಿಲುವು ಇಲ್ಲ ಅನ್ನುತ್ತೆ. ಆದ್ರೆ 1960ರ ಜಪಾನ್ ಜೊತೆಗಿನ ಭದ್ರತಾ ಒಪ್ಪಂದದ 5ನೇ ವಿಧಿ "ಜಪಾನಿನ ಆಡಳಿತದಲ್ಲಿರೋ ಪ್ರದೇಶ" ಅಂತ ಹೇಳೋದ್ರಿಂದ, ಅಲ್ಲಿ ದಾಳಿ ಆದ್ರೆ ಒಪ್ಪಂದ ಅನ್ವಯಿಸುತ್ತೆ ಅಂತ 2014ರಲ್ಲಿ ಒಬಾಮಾ ಬಾಯ್ಬಿಟ್ಟು ಹೇಳಿದ್ರು. ಮೊದಲ ಕಾಲಂ ಖಾಲಿ, ಎರಡನೇದು ಮೂರನೇದು ತುಂಬಿದೆ. 1999ರ ಕಾರ್ಗಿಲ್‌ನಲ್ಲೂ ಹೀಗೇ, ಜುಲೈ 4ಕ್ಕೆ ನವಾಜ್ ಷರೀಫ್ ವಾಷಿಂಗ್ಟನ್‌ಗೆ ಓಡಿದಾಗ ಕ್ಲಿಂಟನ್ ಒತ್ತಡ ಹಾಕಿದ್ದು ನಿಯಂತ್ರಣ ರೇಖೆಯಿಂದ ಹಿಂದೆ ಹೋಗಿ ಅನ್ನೋದಕ್ಕೆ. ಕಾಶ್ಮೀರ ಯಾರ್ದು ಅನ್ನೋ ಮೊದಲ ಕಾಲಂ ಮುಟ್ಟಲೇ ಇಲ್ಲ. ಭಾರತಕ್ಕೆ ಅವತ್ತು ಬೇಕಾಗಿದ್ದೂ ಅಷ್ಟೇ, ಅದಕ್ಕಿಂತ ಜಾಸ್ತಿ ಕೈ ಹಾಕಿದ್ರೆ ನಾವೇ "ಮೂರನೆಯವರು ಬೇಡ, ಶಿಮ್ಲಾ ಒಪ್ಪಂದ ಇದೆ" ಅಂತ ಕೂಗ್ತಿದ್ವಿ.

"ಜಾಗ ಯಾರ್ದು" ಅನ್ನೋ ಕಾಲಂಗೆ ಕೈ ಹಾಕೋ ಮುಂಚೆ

ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ, ಈ ಕಾಲಂನಲ್ಲಿ ದೊಡ್ಡ ದೇಶ ತೀರ್ಪು ಕೊಡಬಾರ್ದು. ಅವರಿಗೆ ಹಕ್ಕಿದೆಯೋ ಇಲ್ವೋ ಆಮೇಲಿನ ಮಾತು, ಮೊದಲ್ನೇದಾಗಿ ಅದು ಅಷ್ಟು ಸುಲಭ ಅಲ್ಲ. ಥಾಯ್ಲೆಂಡ್ ಮತ್ತೆ ಕಾಂಬೋಡಿಯಾ ನಡುವಿನ ಪ್ರಿಯಾ ವಿಹಾರ್ ದೇವಸ್ಥಾನದ ಕತೆ ನೋಡಿದ್ರೆ ಯಾಕೆ ಅಂತ ಗೊತ್ತಾಗುತ್ತೆ.

1904ರ ಒಪ್ಪಂದದ ಪ್ರಕಾರ ಗಡಿ ಆ ಬೆಟ್ಟದ ಸಾಲಲ್ಲಿ ನೀರು ಎರಡು ಕಡೆ ಇಳಿಯೋ ಏಣಿನ ಮೇಲೆ ಹೋಗ್ಬೇಕು. ಆದ್ರೆ ಆಮೇಲೆ, 1907ರಲ್ಲಿ, ಆಗ ಕಾಂಬೋಡಿಯಾನ ಆಳ್ತಿದ್ದ ಫ್ರೆಂಚ್ ಅಧಿಕಾರಿಗಳು ತಯಾರಿಸಿದ ಮ್ಯಾಪಲ್ಲಿ ಗೆರೆ ಬೇರೆ ಥರ ಹೋಗಿ ದೇವಸ್ಥಾನ ಕಾಂಬೋಡಿಯಾ ಕಡೆ ಬಿತ್ತು. ಸಯಾಂ ಸರ್ಕಾರ, ಅಂದ್ರೆ ಇವತ್ತಿನ ಥಾಯ್ಲೆಂಡು, ಆ ಮ್ಯಾಪು ಕೈಗೆ ತಗೊಂಡ್ರೂ ತಕರಾರು ಮಾಡ್ಲಿಲ್ಲ. 1930ರಲ್ಲಿ ಅಲ್ಲಿನ ರಾಜಮನೆತನದ ಡಾಮ್ರೋಂಗ್ ಆ ದೇವಸ್ಥಾನಕ್ಕೆ ಹೋದಾಗ ಫ್ರೆಂಚ್ ಅಧಿಕಾರಿ ಮನೆ ಯಜಮಾನನ ಥರ ಬರಮಾಡ್ಕೊಂಡ, ಅವಾಗ್ಲೂ ಯಾರೂ ತುಟಿ ಬಿಚ್ಲಿಲ್ಲ. 1962ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಈ ಮೌನವನ್ನೇ ಎತ್ತಿ ಹಿಡಿದು, ನೀವು ಇಷ್ಟು ವರ್ಷ ಒಪ್ಕೊಂಡ ಹಾಗೆ ನಡ್ಕೊಂಡಿದೀರಿ ಅಂತ 9-3 ಮತಗಳಲ್ಲಿ ಕಾಂಬೋಡಿಯಾಕ್ಕೆ ಕೊಡ್ತು. ಒಪ್ಪಂದದ ಮಾತು ಹಿಡ್ಕೊಂಡೋನು ಸೋತ, ಮ್ಯಾಪು ಹಿಡ್ಕೊಂಡೋನು ಗೆದ್ದ. ಹನ್ನೆರಡು ಜನ ನ್ಯಾಯಾಧೀಶರು ವರ್ಷಗಟ್ಟಲೆ ಕಾಗದ ಓದಿ ಒಮ್ಮತಕ್ಕೆ ಬರದೇ ಇರೋ ವಿಷಯನ ಒಬ್ಬ ವಿದೇಶಾಂಗ ಸಚಿವ ಫೋನಲ್ಲಿ ಬಗೆಹರಿಸ್ತಾನಾ? ಅಷ್ಟೆಲ್ಲಾ ಆದ್ಮೇಲೂ ದೇವಸ್ಥಾನದ ಪಕ್ಕದ ಕೆಲವೇ ಚದರ ಕಿಲೋಮೀಟರ್ ಜಾಗಕ್ಕೆ 2011ರಲ್ಲಿ ಗುಂಡು ಹಾರಿತು, 2025ರ ಜುಲೈನಲ್ಲಿ ಆ ಗಡಿ ಉದ್ದಕ್ಕೂ ಐದು ದಿನ ಯುದ್ಧನೇ ನಡೀತು.

ಹಾಗಾಗಿ ದೊಡ್ಡ ದೇಶ ಒಂದು ದಿನ ಎದ್ದು "ಈ ಜಾಗ ಇವರದ್ದೇ" ಅಂತ ಘೋಷಿಸಿದ್ರೆ ನೀವು ಕೇಳ್ಬೇಕಾದ ಪ್ರಶ್ನೆ ಒಂದೇ, ಪ್ರತಿಯಾಗಿ ಏನ್ ಸಿಕ್ತು ಅಂತ. 2020ರ ಡಿಸೆಂಬರ್‌ನಲ್ಲಿ ಟ್ರಂಪ್ ಪಶ್ಚಿಮ ಸಹಾರಾ ಮೊರೊಕ್ಕೊದ್ದು ಅಂತ ಮಾನ್ಯ ಮಾಡಿದ್ರು, ಅದೇ ಉಸಿರಲ್ಲಿ ಮೊರೊಕ್ಕೊ ಇಸ್ರೇಲ್ ಜೊತೆ ಸಂಬಂಧ ಶುರು ಮಾಡೋಕೆ ಒಪ್ತು. ಬೆಲೆಚೀಟಿ ಸಾಮಾನಿಗೇ ಅಂಟಿಸಿತ್ತು! ಅದಕ್ಕೂ ಮುಂಚೆ 2019ರ ಮಾರ್ಚ್‌ನಲ್ಲಿ ಗೋಲನ್ ಎತ್ತರಪ್ರದೇಶ ಇಸ್ರೇಲ್‌ದು ಅಂತ ಸಹಿ ಹಾಕಿದ್ರು. ಅದು 1967ರ ಯುದ್ಧದಲ್ಲಿ ಸಿರಿಯಾದಿಂದ ಹಿಡ್ಕೊಂಡ ಜಾಗ, 1981ರಲ್ಲಿ ಇಸ್ರೇಲ್ ತನ್ನ ಕಾನೂನು ಅಲ್ಲಿಗೆ ಹಾಕಿದಾಗ ಭದ್ರತಾ ಮಂಡಳಿ 497ನೇ ನಿರ್ಣಯದಲ್ಲಿ ಇದು ಊರ್ಜಿತ ಅಲ್ಲ ಅಂದಿತ್ತು, ಅವತ್ತು ಅಮೆರಿಕಾನೂ ಅದಕ್ಕೆ ಕೈ ಎತ್ತಿತ್ತು. ಇಂಥ ಸಹಿ ಆದ್ಮೇಲೆ, 2014ರಲ್ಲಿ ರಷ್ಯಾ ಉಕ್ರೇನ್‌ನಿಂದ ಕಿತ್ಕೊಂಡ ಕ್ರೈಮಿಯಾ ಬಗ್ಗೆ "ಬಲವಂತದಿಂದ ಗಡಿ ಬದಲಾಯಿಸಬಾರ್ದು" ಅಂತ ಅದೇ ಬಾಯಲ್ಲಿ ಹೇಳಿದ್ರೆ ಕೇಳೋರು ನಗ್ತಾರೆ, ನಕ್ಕಿದಾರೆ ಕೂಡ.

ಬಂದೂಕಿನ ಕಾಲಂ, ಇಲ್ಲಿ ಸುಮ್ನಿರೋ ಹಾಗಿಲ್ಲ

1945ರ ವಿಶ್ವಸಂಸ್ಥೆ ಸನ್ನದಿನ 2ನೇ ವಿಧಿಯ 4ನೇ ಕಲಂ ಏನ್ ಹೇಳುತ್ತೆ ಅಂದ್ರೆ, ಇನ್ನೊಂದು ದೇಶದ ಭೂಮಿ ಮೇಲೆ ಬಲಪ್ರಯೋಗ ಮಾಡೋ ಹಾಗಿಲ್ಲ, ಬೆದರಿಕೆನೂ ಹಾಕೋ ಹಾಗಿಲ್ಲ. ಜಾಗ ನಿಂದೇ ಅಂತ ನಿನಗೆ ನೂರಕ್ಕೆ ನೂರು ಅನ್ನಿಸಿದ್ರೂ ಸೈನ್ಯ ಕಳ್ಸಿ ತಗೊಳ್ಳೋ ಹಾಗಿಲ್ಲ ಅಂತ ಅರ್ಥ. ಫಾಕ್‌ಲ್ಯಾಂಡ್ ಸಮಯದಲ್ಲಿ ಭದ್ರತಾ ಮಂಡಳಿ ಮಾರನೇ ದಿನವೇ ಪಾಸು ಮಾಡಿದ 502ನೇ ನಿರ್ಣಯ ಒಂದ್ಸಲ ಓದಿ, ದ್ವೀಪ ಯಾರ್ದು ಅಂತ ಅದರಲ್ಲಿ ಒಂದು ಅಕ್ಷರನೂ ಇಲ್ಲ, ಅರ್ಜೆಂಟೀನಾ ಸೈನ್ಯ ವಾಪಸ್ ಹೋಗ್ಬೇಕು ಅಂತ ಇದೆ. ಅದಕ್ಕೇ ಅರ್ಜೆಂಟೀನಾದ ವಾದಕ್ಕೆ ಮನಸ್ಸಲ್ಲಿ ಸಹಾನುಭೂತಿ ಇದ್ದ ದೇಶಗಳಿಗೂ ವಿರೋಧಿಸೋಕೆ ಕಷ್ಟ ಆಯ್ತು, ವಿರುದ್ಧ ಬಿದ್ದಿದ್ದು ಪನಾಮಾದ ಒಂದೇ ಮತ.

ಇಲ್ಲಿ ಪಕ್ಷ ವಹಿಸೋದು ಅಂದ್ರೆ ಯುದ್ಧಕ್ಕೆ ಹೋಗೋದು ಅಂತ ಜನ ತಿಳ್ಕೊಂಡಿರ್ತಾರೆ. ಅತೀ ಅಗ್ಗದ ದಾರಿ ಒಂದಿದೆ, ಮಾನ್ಯ ಮಾಡದೇ ಇರೋದು. 1932ರಲ್ಲಿ ಜಪಾನ್ ಮಂಚೂರಿಯಾ ಹಿಡ್ಕೊಂಡಾಗ ಅಮೆರಿಕಾದ ವಿದೇಶಾಂಗ ಕಾರ್ಯದರ್ಶಿ ಸ್ಟಿಮ್ಸನ್ ಇದನ್ನ ಶುರು ಮಾಡಿದ್ದು, ಅಲ್ಲಿ ಅದರಿಂದ ಜಪಾನ್ ಒಂದಿಂಚೂ ಅಲುಗಾಡ್ಲಿಲ್ಲ ನಿಜ. ಆದ್ರೆ 1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯಾ, ಲ್ಯಾಟ್ವಿಯಾ, ಲಿಥುವೇನಿಯಾ ನುಂಗಿದಾಗ ಜುಲೈ 23ಕ್ಕೆ ವೆಲ್ಸ್ ಅನ್ನೋ ಅಧಿಕಾರಿ ಒಂದು ಪುಟ್ಟ ಹೇಳಿಕೆ ಕೊಟ್ರು, ನಾವು ಇದನ್ನ ಒಪ್ಪಲ್ಲ ಅಂತ. ಅಷ್ಟೇ. ದೇಶನೇ ಇಲ್ಲ, ಆದ್ರೆ ಅದರ ರಾಜತಾಂತ್ರಿಕ ಕಚೇರಿ ಅಮೆರಿಕಾದಲ್ಲಿ ಬಾಗಿಲು ತೆಗ್ದೇ ಇತ್ತು, ಒಳಗೆ ಕೂತೋರು ವಯಸ್ಸಾಗಿ ಹೋಗ್ತಿದ್ರು, ಹಿಟ್ಲರ್ ವಿರುದ್ಧ ಸೋವಿಯತ್ ಜೊತೆ ಒಟ್ಟಿಗೆ ಯುದ್ಧ ಮಾಡ್ದಾಗ್ಲೂ ಆ ಹೇಳಿಕೆ ವಾಪಸ್ ತಗೊಳ್ಲಿಲ್ಲ. 51 ವರ್ಷ ಆದ್ಮೇಲೆ 1991ರಲ್ಲಿ ಮೂರೂ ದೇಶ ಎದ್ದು ನಿಂತಾಗ ಅವರು ಹೊಸ ದೇಶ ಆಗಿರ್ಲಿಲ್ಲ, ಹಳೇ ದೇಶನೇ ವಾಪಸ್ ಬಂದಿತ್ತು. ಒಂದು ಗುಂಡೂ ಹಾರಿಸದೆ ವಹಿಸಿದ ಪಕ್ಷ ಇದು, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗೋ ಉದಾಹರಣೆ.

ಇನ್ನೊಂದು ತುದಿ ಕುವೈತ್. 1990ರ ಆಗಸ್ಟ್ 2ಕ್ಕೆ ಇರಾಕ್ ನುಗ್ತು, ಭದ್ರತಾ ಮಂಡಳಿ ನವೆಂಬರ್ 29ಕ್ಕೆ 678ನೇ ನಿರ್ಣಯ ಮಾಡಿ ಜನವರಿ 15ರ ಗಡುವು ಕೊಡ್ತು, ಕೇಳ್ಲಿಲ್ಲ, ಜನವರಿ 17ಕ್ಕೆ ಯುದ್ಧ ಶುರು ಆಗಿ ಫೆಬ್ರವರಿ 28ಕ್ಕೆ ನಿಂತುಹೋಯ್ತು. ಬಾಗ್ದಾದ್ ತನಕ ಹೋಗ್ಲಿಲ್ಲ ಅಂತ ಅವತ್ತು ಎಷ್ಟೋ ಜನ ಬೈದ್ರು, ಆದ್ರೆ ಗಡಿ ವಾಪಸ್ ಹಳೇ ಜಾಗಕ್ಕೆ ತಳ್ಳೋದು ಅನ್ನೋ ಕೆಲಸ ಅಷ್ಟೇ ಇದ್ದಿದ್ದು, ಅದು ಮುಗೀತು, ನಿಲ್ಲಿಸಿದ್ರು. ಸೈನ್ಯ ಕಳಿಸೋ ಮಾತು ಬಂದಾಗೆಲ್ಲಾ ಪೇಪರ್ ಮೇಲೆ ಬರ್ಕೊಳ್ಳಿ: ಎಲ್ಲಿ ನಿಲ್ಲಿಸ್ತಾರೆ? ಉತ್ತರ ಒಂದು ಸಾಲಲ್ಲಿ ಸಿಗ್ಲಿಲ್ಲ ಅಂದ್ರೆ ಕಳಿಸದೇ ಇರೋದೇ ವಾಸಿ.

ಸುಮ್ನಿದ್ರೂ ಪಕ್ಷ ವಹಿಸಿದ ಹಾಗೆ ಆಗ್ಬಹುದು

ಅದೇ ಕುವೈತ್ ಕತೆಯ ಎಂಟು ದಿನ ಮುಂಚೆ ಹೋಗೋಣ. 1990ರ ಜುಲೈ 25, ಬಾಗ್ದಾದ್. ಅಮೆರಿಕಾದ ರಾಯಭಾರಿ ಏಪ್ರಿಲ್ ಗ್ಲಾಸ್ಪಿಗೆ ಸದ್ದಾಂ ಹುಸೇನ್‌ನಿಂದ ಇದ್ದಕ್ಕಿದ್ದಂಗೆ ಕರೆ ಬರುತ್ತೆ. ಮಾತಿನ ಮಧ್ಯೆ ಆಕೆ, ಕುವೈತ್ ಜೊತೆಗಿನ ನಿಮ್ಮ ಗಡಿ ತಕರಾರಿನಂಥ ಅರಬ್ಬರ ನಡುವಿನ ವಿಷಯದಲ್ಲಿ ನಮಗೆ ಅಭಿಪ್ರಾಯ ಇಲ್ಲ ಅನ್ನೋ ಅರ್ಥದ ಮಾತು ಹೇಳ್ತಾರೆ, ಶಾಂತಿಯಿಂದ ಬಗೆಹರಿಸ್ಕೊಳ್ಳಿ ಅಂತಾನೂ ಹೇಳ್ತಾರೆ. ನೋಡಿ, ಮೊದಲ ಕಾಲಂ ಪ್ರಕಾರ ಇದು ಸರಿಯಾದ ಮಾತೇ, ನಾನು ಮೇಲೆ ಹೇಳಿದ್ದೂ ಅದೇ ತಾನೇ. ಆದ್ರೆ ಗಡಿಯಲ್ಲಿ ಇರಾಕಿ ಟ್ಯಾಂಕು ಸಾಲುಗಟ್ಟಿ ನಿಂತಿರೋ ಹೊತ್ತಲ್ಲಿ ಮೂರನೇ ಕಾಲಂ ಬಗ್ಗೆ ಕಡ್ಡಿ ಮುರಿದ ಹಾಗೆ "ನುಗ್ಗಿದ್ರೆ ನಾವು ಸುಮ್ನಿರಲ್ಲ" ಅಂತ ಹೇಳ್ಬೇಕಿತ್ತು. ಸದ್ದಾಂ ಇದನ್ನ ಹಸಿರು ನಿಶಾನೆ ಅಂತ ತಿಳ್ಕೊಂಡನೋ, ಹೇಗೂ ನುಗ್ಗೋನೇ ಇದ್ದನೋ, ಇತಿಹಾಸಕಾರರು ಇವತ್ತಿಗೂ ಕಿತ್ತಾಡ್ತಾರೆ. ಆ ಒಬ್ಬ ರಾಯಭಾರಿ ತಲೆಗೇ ಎಲ್ಲಾ ಕಟ್ಟೋದು ನನಗೆ ಅನ್ಯಾಯ ಅನ್ಸುತ್ತೆ, ಆಕೆ ಹೇಳಿದ್ದು ವಾಷಿಂಗ್ಟನ್ನಿನ ಮಾತೇ.

1950ರ ಜನವರಿ 12ಕ್ಕೂ ಇಂಥದ್ದೇ ಒಂದು ಆಗಿತ್ತು, ವಿದೇಶಾಂಗ ಕಾರ್ಯದರ್ಶಿ ಅಚೆಸನ್ ಭಾಷಣ ಮಾಡ್ತಾ ಏಷ್ಯಾದಲ್ಲಿ ಅಮೆರಿಕಾದ ರಕ್ಷಣಾ ರೇಖೆ ಎಲ್ಲಿ ಹೋಗುತ್ತೆ ಅಂತ ವಿವರಿಸಿದ್ರು, ಕೊರಿಯಾ ಆ ರೇಖೆಯ ಆಚೆ ಉಳೀತು, ಜೂನ್ 25ಕ್ಕೆ ಉತ್ತರ ಕೊರಿಯಾ ದಕ್ಷಿಣಕ್ಕೆ ನುಗ್ತು. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ತಟಸ್ಥ ಅನ್ನೋ ಪದ ಬಂದಾಗ ಯಾವ ಕಾಲಂನಲ್ಲಿ ತಟಸ್ಥ ಅಂತ ಕೇಳೋ ಅಭ್ಯಾಸ ಮಾಡ್ಕೊಳ್ಳಿ.

ಮಾತು ಕೊಟ್ಟಿದಾರಾ? ಹಾಗಿದ್ರೆ ಆ ಕಾಗದನೇ ತೆಗೆದು ಓದಿ

ಸುದ್ದಿಯಲ್ಲಿ "ಅವರ ಬೆನ್ನಿಗೆ ಅಮೆರಿಕಾ ಇದೆ" "ಇವರ ಬೆನ್ನಿಗೆ ರಷ್ಯಾ ಇದೆ" ಅಂತ ಬರುತ್ತಲ್ಲ, ಅದನ್ನ ನಂಬ್ಕೊಂಡು ಕೂರಬೇಡಿ, ಬೆನ್ನಿಗೆ ಇರೋದು ಕೈಯಾ ಬರೀ ನೆರಳಾ ಅಂತ ಒಪ್ಪಂದದ ಪದಗಳಲ್ಲೇ ಗೊತ್ತಾಗುತ್ತೆ. 1994ರ ಡಿಸೆಂಬರ್ 5ಕ್ಕೆ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಅಣ್ವಸ್ತ್ರ ಬಿಟ್ಟುಕೊಡೋದಕ್ಕೆ ಪ್ರತಿಯಾಗಿ ರಷ್ಯಾ, ಅಮೆರಿಕಾ, ಬ್ರಿಟನ್ ಒಂದು ಕಾಗದಕ್ಕೆ ಸಹಿ ಹಾಕಿದ್ರು. ಅದರಲ್ಲಿ ಇದ್ದಿದ್ದು ಗಡಿ ಗೌರವಿಸ್ತೀವಿ ಅನ್ನೋ ಆಶ್ವಾಸನೆ. ದಾಳಿ ಆದ್ರೆ ಬಂದು ಹೊಡೆದಾಡ್ತೀವಿ ಅನ್ನೋ ಗ್ಯಾರಂಟಿ ಅದರಲ್ಲಿ ಇರ್ಲಿಲ್ಲ. ಆಶ್ವಾಸನೆಗೂ ಗ್ಯಾರಂಟಿಗೂ ಇರೋ ಅಂತರ ಎಷ್ಟು ಅಂತ 2014ರಲ್ಲಿ ಕ್ರೈಮಿಯಾ ಹೋದಾಗ ಗೊತ್ತಾಯ್ತು. ನುಗ್ಗಿದೋನು ಸಹಿ ಹಾಕಿದೋರಲ್ಲೇ ಒಬ್ಬ, ರಷ್ಯಾ, ಅನ್ನೋದು ಬೇರೆ.

ನನ್ನ ಪ್ರಕಾರ ಪಕ್ಷ ವಹಿಸೋದಕ್ಕಿಂತ, ಸುಮ್ನಿರೋದಕ್ಕಿಂತ, ಅರ್ಧಂಬರ್ಧ ಮಾತು ಕೊಡೋದು ಎಲ್ಲಕ್ಕಿಂತ ಅಪಾಯ. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್ ಶೃಂಗಸಭೆಯಲ್ಲಿ ನ್ಯಾಟೋ ಏನ್ ಹೇಳ್ತು, ಜಾರ್ಜಿಯಾ ಮತ್ತೆ ಉಕ್ರೇನ್ ಮುಂದೊಂದು ದಿನ ಸದಸ್ಯರಾಗ್ತಾರೆ ಅಂತ. ಯಾವತ್ತು? ಹೇಳಿಲ್ಲ. ಅಲ್ಲಿವರೆಗೂ ಯಾರು ಕಾಯ್ತಾರೆ? ಹೇಳಿಲ್ಲ. ರಷ್ಯಾಕ್ಕೆ ಸಿಟ್ಟು ಬರೋಕೆ ಆ ಮಾತು ಸಾಕು, ಜಾರ್ಜಿಯಾಕ್ಕೆ ಧೈರ್ಯ ಬರೋಕೂ ಸಾಕು, ರಕ್ಷಣೆಗೆ ಮಾತ್ರ ಸಾಲದು. ನಾಲ್ಕೇ ತಿಂಗಳಿಗೆ ಆಗಸ್ಟಲ್ಲಿ ರಷ್ಯಾ-ಜಾರ್ಜಿಯಾ ಯುದ್ಧ, ಐದು ದಿನ, ಯಾರೂ ಬರ್ಲಿಲ್ಲ, ನಡುನೀರಲ್ಲಿ ಕೈ ಬಿಟ್ರು. ಇದು ಅಮೆರಿಕಾದ ಕಡೆಯೋರ ಚಾಳಿ ಮಾತ್ರ ಅಂತಲ್ಲ. ಅಜರ್‌ಬೈಜಾನ್ ಮತ್ತೆ ಅರ್ಮೇನಿಯಾ ಕಿತ್ತಾಡ್ತಿದ್ದ ನಗೊರ್ನೊ ಕರಾಬಾಖ್‌ನಲ್ಲಿ 2020ರ ಯುದ್ಧ ಆದ್ಮೇಲೆ ರಷ್ಯಾ ಸುಮಾರು ಎರಡು ಸಾವಿರ ಶಾಂತಿಪಾಲಕರನ್ನ ನಿಲ್ಲಿಸಿತ್ತು, ಅವರು ಅಲ್ಲೇ ನಿಂತಿರೋ ಹಾಗೇ 2023ರ ಸೆಪ್ಟೆಂಬರಲ್ಲಿ ಅಜರ್‌ಬೈಜಾನ್ ಒಂದು ದಿನದ ಕಾರ್ಯಾಚರಣೆಯಲ್ಲಿ ಪೂರ್ತಿ ಹಿಡ್ಕೊಳ್ತು, ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆ ಬಿಟ್ಟು ಓಡಿದ್ರು. ಅಜರ್‌ಬೈಜಾನ್‌ಗೆ ಕಾನೂನಿನ ಪ್ರಕಾರ ಅದು ತನ್ನದೇ ನೆಲ ಅನ್ನೋ ವಾದ ಗಟ್ಟಿಯಾಗೇ ಇತ್ತು, ಬಹುಪಾಲು ದೇಶಗಳು ಅದನ್ನೇ ಒಪ್ತಿದ್ವು. ಆದ್ರೂ ರಷ್ಯಾನ ನಂಬಿ ಅಲ್ಲೇ ಉಳಿದೋರ ಗತಿ ಏನಾಯ್ತು ನೋಡಿ.

ತೈವಾನ್ ವಿಷಯದಲ್ಲಿ ಅಮೆರಿಕಾ ಬೇಕಂತಲೇ ಅಡ್ಡಗೋಡೆ ಮೇಲೆ ದೀಪ ಇಟ್ಟಿದೆ. 1972ರ ಶಾಂಘೈ ಹೇಳಿಕೆಯಲ್ಲಿ, ತೈವಾನ್ ತನ್ನದೇ ಅನ್ನೋ ಚೀನಾದ ವಾದನ "ಗಮನಿಸಿದೀವಿ" ಅನ್ನೋ ಥರದ ಪದ ಹಾಕಿದ್ರು, "ಒಪ್ಪಿದೀವಿ" ಅಂತ ಹಾಕ್ಲಿಲ್ಲ. 1979ರ ಕಾನೂನಲ್ಲಿ ತೈವಾನ್‌ಗೆ ರಕ್ಷಣಾ ಸಾಮಗ್ರಿ ಕೊಡ್ತೀವಿ ಅಂತ ಇದೆ, ಬಂದು ಹೊಡೆದಾಡ್ತೀವಿ ಅಂತ ಇಲ್ಲ. ಇದು ಬುಕಾರೆಸ್ಟ್ ಥರದ ಅರ್ಧ ಮಾತಲ್ವಾ ಅಂತ ನೀವು ಕೇಳ್ಬಹುದು. ಅಲ್ಲ ಅಂತ ನಾನು ಹೇಳ್ತೀನಿ, ಯಾಕಂದ್ರೆ ಈ ದೀಪದ ಹಿಂದೆ ಆ ಸಮುದ್ರದಲ್ಲೇ ಓಡಾಡೋ ನೌಕಾಪಡೆ ಇದೆ, ಬುಕಾರೆಸ್ಟ್ ಮಾತಿನ ಹಿಂದೆ ಅಂಥದ್ದೇನೂ ಇರ್ಲಿಲ್ಲ. ಒಪ್ಪದೇ ಇರೋರೂ ಇದಾರೆ, ಇರ್ಲಿ.

ಹೆಸರು ಅದಲು ಬದಲು ಮಾಡಿ ನೋಡಿ

ಇದು ಎರಡು ನಿಮಿಷದ ಕೆಲಸ. ಹೇಳಿಕೆಯಲ್ಲಿರೋ ದೇಶಗಳ ಹೆಸರು ಅಳಿಸಿ, ದೊಡ್ಡ ದೇಶದ ಸ್ನೇಹಿತನ ಹೆಸರನ್ನ ನುಗ್ಗಿದೋನ ಜಾಗಕ್ಕೆ ಹಾಕಿ ಓದಿ. 1975ರ ಡಿಸೆಂಬರ್ 6ಕ್ಕೆ ಅಮೆರಿಕಾ ಅಧ್ಯಕ್ಷ ಫೋರ್ಡ್, ಜೊತೆಗೆ ವಿದೇಶಾಂಗ ಕಾರ್ಯದರ್ಶಿ ಕಿಸಿಂಜರ್, ಜಕಾರ್ತಾದಲ್ಲಿ ಇಂಡೊನೇಷ್ಯಾ ಅಧ್ಯಕ್ಷ ಸುಹಾರ್ತೊನ ಭೇಟಿ ಮಾಡ್ತಾರೆ. ಮಾರನೇ ದಿನ ಡಿಸೆಂಬರ್ 7ಕ್ಕೆ ಇಂಡೊನೇಷ್ಯಾ ಪೂರ್ವ ತಿಮೋರ್‌ಗೆ ನುಗ್ಗುತ್ತೆ. ಕುವೈತ್‌ಗೆ ಆರೇಳು ತಿಂಗಳಲ್ಲಿ ಸಿಕ್ಕಿದ ನ್ಯಾಯ ತಿಮೋರ್‌ಗೆ ಸಿಗೋಕೆ 24 ವರ್ಷ ಬೇಕಾಯ್ತು, 1999ರಲ್ಲಿ ಜನಮತ ಕೇಳಿದಾಗ ಶೇ 78.5 ಜನ ಬಿಟ್ಟು ಹೋಗ್ತೀವಿ ಅಂದ್ರು. ಎರಡೂ ಕಡೆ ದೊಡ್ಡ ದೇಶ ಚಿಕ್ಕ ನೆರೆಯವನ ಮನೆಗೆ ನುಗ್ಗಿದ್ದೇ. ಬದಲಾಗಿದ್ದು ನುಗ್ಗಿದೋನು ಯಾರ ಸ್ನೇಹಿತ ಅನ್ನೋದು ಮಾತ್ರ.

ಹಾಗಂತ ಈ ಪರೀಕ್ಷೆಲಿ ಫೇಲಾದ ದೇಶ ಯಾವತ್ತೂ ಬಾಯಿ ಬಿಡಬಾರ್ದು ಅಂತ ಹೇಳಬೇಡಿ, ಆ ಲೆಕ್ಕದಲ್ಲಿ ಬಾಯಿ ಬಿಡೋಕೆ ಭೂಮಿ ಮೇಲೆ ಯಾರೂ ಉಳಿಯಲ್ಲ. ತಿಮೋರ್‌ನಲ್ಲಿ ಸುಮ್ನಿದ್ರು ಅನ್ನೋದು ಕುವೈತ್‌ನಲ್ಲೂ ಸುಮ್ನಿರೋದಕ್ಕೆ ಕಾರಣ ಆಗಲ್ಲ. ಎಷ್ಟು ನಂಬಬಹುದು ಅಂತ ಅಳೆಯೋಕೆ ಮಾತ್ರ ಇದನ್ನ ಬಳಸಿ.

ಅಲ್ಲಿ ಇರೋ ಜನ ಏನಂತಾರೆ ಅನ್ನೋದನ್ನೂ ಇಲ್ಲೇ ಸೇರಿಸ್ಬಿಡ್ತೀನಿ. 2013ರಲ್ಲಿ ಫಾಕ್‌ಲ್ಯಾಂಡ್ ಜನರನ್ನ ಕೇಳಿದಾಗ ಬ್ರಿಟನ್ ಜೊತೆ ಇರ್ತೀವಿ ಅಂದೋರು ಶೇ 99.8, ಬೇಡ ಅಂದೋರು ಮೂರೇ ಮೂರು ಜನ. 2014ರಲ್ಲಿ ಕ್ರೈಮಿಯಾದಲ್ಲೂ ಒಂದು ಜನಮತ ಆಯ್ತು, ಅದರಲ್ಲೂ ಶೇ 95ಕ್ಕಿಂತ ಮೇಲೆ ಬಂತು ಅಂತ ಘೋಷಿಸಿದ್ರು. ಸಂಖ್ಯೆ ನೋಡಿದ್ರೆ ಎರಡೂ ಒಂದೇ ಥರ, ಹಾಗಾಗಿ ಸಂಖ್ಯೆ ನೋಡಬೇಡಿ, ಮತಪೆಟ್ಟಿಗೆ ಪಕ್ಕದಲ್ಲಿ ಬಂದೂಕು ಹಿಡಿದು ನಿಂತಿದ್ದೋರು ಯಾರು, ಇದ್ದ ಹಾಗೇ ಇರ್ತೀವಿ ಅನ್ನೋ ಆಯ್ಕೆ ಚೀಟಿಯಲ್ಲಿ ಇತ್ತಾ, ಅದನ್ನ ನೋಡಿ. ಕ್ರೈಮಿಯಾದ ಚೀಟಿಯಲ್ಲಿ ಆ ಆಯ್ಕೆ ಇರ್ಲಿಲ್ಲ.

ಪಕ್ಷ ಬಿಟ್ಟು ಮಧ್ಯ ಕೂರೋದು

ಎಷ್ಟೋ ಸಲ ದೊಡ್ಡ ದೇಶ ಮಾಡಬಹುದಾದ ಒಳ್ಳೇ ಕೆಲಸ ಅಂದ್ರೆ ಇಬ್ಬರಿಗೂ ಮರ್ಯಾದೆ ಉಳಿಯೋ ಹಾಗೆ ಹಿಂದೆ ಸರಿಯೋಕೆ ದಾರಿ ಮಾಡಿಕೊಡೋದು. 2002ರ ಜುಲೈನಲ್ಲಿ ಮೊರೊಕ್ಕೊ ಕರಾವಳಿಯಿಂದ ಕೂಗಳತೆ ದೂರದಲ್ಲಿರೋ ಪೆರೆಜಿಲ್ ಅನ್ನೋ ಬಂಡೆಗೆ, ಹೌದು ಬಂಡೆನೇ, ಆಡು ಬಿಟ್ರೆ ಬೇರೆ ಯಾರೂ ಇಲ್ಲ, ಮೊರೊಕ್ಕೊದ ಕೆಲವೇ ಸಿಪಾಯಿಗಳು ಹೋಗಿ ಬಾವುಟ ನೆಟ್ರು, ಆರು ದಿನಕ್ಕೆ ಸ್ಪೇನ್ ಕಮಾಂಡೊ ಕಳ್ಸಿ ಅವರನ್ನ ಇಳಿಸ್ತು. ಅಮೆರಿಕಾದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಾಷಿಂಗ್ಟನ್ನಿಂದ ಫೋನ್ ಮೇಲೆ ಫೋನ್ ಮಾಡಿ, ಇಬ್ರೂ ಮೊದಲಿದ್ದ ಸ್ಥಿತಿಗೆ ವಾಪಸ್ ಹೋಗ್ಬೇಕು, ಬಾವುಟನೂ ಬೇಡ ಸಿಪಾಯಿನೂ ಬೇಡ ಅಂತ ಒಪ್ಪಿಸಿದ್ರು. ಬಂಡೆ ಯಾರ್ದು ಅಂತ ಅವರು ಹೇಳ್ಲಿಲ್ಲ, ಇವತ್ತಿಗೂ ತೀರ್ಮಾನ ಆಗಿಲ್ಲ, ಆಡುಗಳಿಗೆ ಅದರಿಂದ ಏನೂ ತೊಂದರೆ ಆದ ಹಾಗೆ ಕಾಣಲ್ಲ.

ಇದಕ್ಕಿಂತ ಚೆಂದದ್ದು ಪೆರು ಮತ್ತೆ ಎಕ್ವಡಾರ್‌ದು. ಇಬ್ಬರ ಗಡಿ ಜಗಳ 1942ರ ರಿಯೊ ಒಪ್ಪಂದದಲ್ಲಿ ಮುಗೀಬೇಕಿತ್ತು, ಅಮೆರಿಕಾ, ಬ್ರೆಜಿಲ್, ಅರ್ಜೆಂಟೀನಾ, ಚಿಲಿ ನಾಲ್ಕೂ ಅದಕ್ಕೆ ಜಾಮೀನು. ಆದ್ರೆ ಕಾಡಿನ ಮಧ್ಯೆ 78 ಕಿಲೋಮೀಟರ್ ಗಡಿ ಗುರುತು ಹಾಕದೇ ಉಳ್ಕೊಂಡ್ತು. ಆ ಒಂದು ತುಂಡಿಗೆ ಐವತ್ತು ವರ್ಷ ಕಿತ್ತಾಡಿ 1995ರಲ್ಲಿ ಸೆನೆಪಾ ಕಣಿವೆಯಲ್ಲಿ ಯುದ್ಧನೇ ಆಯ್ತು. ಜಾಮೀನುದಾರರು ತಪ್ಪಿಸ್ಕೊಳ್ಳಲಿಲ್ಲ, ವೀಕ್ಷಕರನ್ನ ಕಾಡಿಗೆ ಕಳಿಸಿದ್ರು, ಮೂರು ವರ್ಷ ಕೂತು ಮಾತಾಡಿಸಿದ್ರು. ಕೊನೆಗೆ ಎರಡೂ ದೇಶದ ಸಂಸತ್ತು ಮುಂಚೆನೇ "ನೀವು ಏನ್ ಹೇಳಿದ್ರೂ ಒಪ್ತೀವಿ" ಅಂತ ಬರೆದುಕೊಟ್ಟ ಮೇಲೆ ಪರಿಹಾರ ಹೇಳಿದ್ರು. ಗಡಿ ಗೆರೆ ಬಹುತೇಕ ಪೆರು ಹೇಳ್ತಿದ್ದ ಕಡೆನೇ ಹೋಯ್ತು, ಆದ್ರೆ ಎಕ್ವಡಾರ್ ಸೈನಿಕರು ಪ್ರಾಣ ಕೊಟ್ಟು ಉಳಿಸ್ಕೊಂಡಿದ್ದ ತಿವಿಂಟ್ಸಾ ಅನ್ನೋ ಜಾಗದಲ್ಲಿ ಒಂದು ಚದರ ಕಿಲೋಮೀಟರ್ ಎಕ್ವಡಾರ್‌ಗೆ. ಹೇಗೆ ಗೊತ್ತಾ, ನೆಲ ಪೆರುದೇ, ಕಾನೂನು ಪೆರುದೇ, ಆದ್ರೆ ಆಸ್ತಿಯ ಖಾತೆ ಮಾತ್ರ ಎಕ್ವಡಾರ್ ಸರ್ಕಾರದ ಹೆಸರಿಗೆ, ಯಾವನೋ ಒಬ್ಬ ಖಾಸಗಿ ಮಾಲೀಕನ ಹೆಸರಲ್ಲಿ ಜಮೀನು ಇರೋ ಹಾಗೆ! 1998ರ ಅಕ್ಟೋಬರ್ 26ಕ್ಕೆ ಬ್ರೆಸಿಲಿಯಾದಲ್ಲಿ ಸಹಿ ಆಯ್ತು. ಒಬ್ಬನಿಗೆ ಗೆರೆ ಸಿಕ್ತು, ಇನ್ನೊಬ್ಬನಿಗೆ ಸತ್ತವರ ನೆನಪಿನ ಜಾಗ ಸಿಕ್ತು. ನಾಲ್ಕರಲ್ಲಿ ಒಂದು ದೇಶ ಮುಂಚೆನೇ ಎಕ್ವಡಾರ್ ಪರನೋ ಪೆರು ಪರನೋ ಬಾವುಟ ಹಿಡಿದಿದ್ರೆ ಇಂಥ ಐಡಿಯಾ ಮೇಜಿನ ಮೇಲೆ ಇಡೋಕೇ ಆಗ್ತಿರ್ಲಿಲ್ಲ.

ಮಧ್ಯ ಕೂರೋಕೆ ಬಲ ಇರ್ಲೇಬೇಕು ಅಂತಾನೂ ಇಲ್ಲ. 1978ರಲ್ಲಿ ಬೀಗಲ್ ಕಾಲುವೆಯ ಮೂರು ದ್ವೀಪಕ್ಕೆ ಅರ್ಜೆಂಟೀನಾ ಮತ್ತೆ ಚಿಲಿ ಇನ್ನೇನು ಯುದ್ಧಕ್ಕೆ ಇಳಿದೇಬಿಟ್ರು ಅನ್ನೋ ಹೊತ್ತಲ್ಲಿ ನಿಲ್ಲಿಸಿದ್ದು ಪೋಪ್ ಕಳಿಸಿದ ಒಬ್ಬ ವಯಸ್ಸಾದ ಕಾರ್ಡಿನಲ್, 1984ರಲ್ಲಿ ಒಪ್ಪಂದ ಆಯ್ತು. ಆದ್ರೆ ತೀರ್ಪು ಕೊಡಿಸಿ ಕೈ ತೊಳ್ಕೊಂಡ್ರೆ ಆಗಲ್ಲ. ಎರಿಟ್ರಿಯಾ ಮತ್ತೆ ಇಥಿಯೋಪಿಯಾ ಯುದ್ಧ ಮುಗಿದ್ಮೇಲೆ 2002ರಲ್ಲಿ ಗಡಿ ಆಯೋಗ ಬಡ್ಮೆ ಅನ್ನೋ ಪಟ್ಟಣ ಎರಿಟ್ರಿಯಾದ್ದು ಅಂತ ಹೇಳ್ತು, ಇಥಿಯೋಪಿಯಾ ಬಿಟ್ಟುಕೊಡ್ಲಿಲ್ಲ, ಒಪ್ಪಂದಕ್ಕೆ ಸಾಕ್ಷಿ ಹಾಕಿದ್ದ ದೊಡ್ಡವರು ಬೇರೆ ಕಡೆ ನೋಡ್ತಾ ಕೂತ್ರು, ತೀರ್ಪು ಒಪ್ತೀವಿ ಅನ್ನೋ ಮಾತು ಇಥಿಯೋಪಿಯಾ ಬಾಯಿಂದ ಸರಿಯಾಗಿ ಬರೋಕೆ 2018 ಆಗ್ಬೇಕಾಯ್ತು.

ಒಂದನ್ನ ಪೂರ್ತಿ ಮಾಡಿ ತೋರಿಸ್ತೀನಿ

ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಜೊತೆಗಿನ ಫಿಲಿಪ್ಪೀನ್ಸ್ ಜಗಳ ತಗೊಳ್ಳೋಣ, ಅಮೆರಿಕಾ ಪಕ್ಷ ವಹಿಸಿರೋದು ಸರಿನಾ ಅಂತ. ಪೇಪರ್ ತಗೊಳ್ಳಿ, ಮೂರು ಕಾಲಂ.

ಮೊದಲ್ನೇದು, ದ್ವೀಪಗಳು ಯಾರ್ದು. ಅಮೆರಿಕಾ ನಿಲುವು ಇಲ್ಲ ಅನ್ನುತ್ತೆ. 2016ರ ಜುಲೈ 12ಕ್ಕೆ ತೀರ್ಪು ಕೊಟ್ಟ ನ್ಯಾಯಮಂಡಳಿ ಕೂಡ ದ್ವೀಪದ ಒಡೆತನ ನಮ್ಮ ಕೆಲಸ ಅಲ್ಲ ಅಂತ ಸ್ಪಷ್ಟವಾಗಿ ಹೇಳಿ, ಸಮುದ್ರದ ಮೇಲಿನ ಹಕ್ಕಿನ ಬಗ್ಗೆ ಮಾತ್ರ ತೀರ್ಮಾನ ಮಾಡ್ತು. ಚೀನಾ ಎಳೆದಿರೋ ಒಂಬತ್ತು ಗೀಟಿನ ಗೆರೆ ಒಳಗಿನ ಸಂಪತ್ತೆಲ್ಲಾ ತನ್ನದು ಅನ್ನೋದಕ್ಕೆ ಕಾನೂನಿನ ಆಧಾರ ಇಲ್ಲ ಅಂತ. 2020ರ ಜುಲೈನಲ್ಲಿ ಅಮೆರಿಕಾ ಈ ಸಮುದ್ರದ ಭಾಗಕ್ಕೆ ತನ್ನ ಮಾತನ್ನ ಹೊಂದಿಸ್ಕೊಂಡ್ತು, ದ್ವೀಪ ಮುಟ್ಲಿಲ್ಲ. ಇದು ಸರಿ ಅಂತ ನನ್ನ ಟಿಕ್ಕು.

ಎರಡನೇದು, ಈಗ ಅಲ್ಲಿ ಯಾರಿದಾರೆ. ಸೆಕೆಂಡ್ ಥಾಮಸ್ ಶೋಲ್ ಅನ್ನೋ ಕಡೆ ಫಿಲಿಪ್ಪೀನ್ಸ್ 1999ರಲ್ಲಿ ಎರಡನೇ ಮಹಾಯುದ್ಧ ಕಾಲದ ಒಂದು ಹಳೇ ಹಡಗನ್ನ ಬೇಕಂತಲೇ ದಿಬ್ಬಕ್ಕೆ ಹತ್ತಿಸಿ ಬಿಟ್ಟಿದೆ, ಸಿಯೆರಾ ಮಾದ್ರೆ ಅಂತ ಹೆಸರು, ಪೂರ್ತಿ ತುಕ್ಕು, ಒಳಗೆ ಬೆರಳೆಣಿಕೆ ಸೈನಿಕರು, ಅವರಿಗೆ ಊಟ ನೀರು ದೋಣಿಯಲ್ಲಿ ಹೋಗ್ಬೇಕು, ಚೀನಾದ ಹಡಗುಗಳು ಆ ದೋಣಿಗೆ ಅಡ್ಡ ಬಂದು ನೀರಿನ ಫಿರಂಗಿ ಹೊಡೀತಿದ್ವು.

ಮೂರನೇದು ಬಂದೂಕು. ಇಲ್ಲೇ ಮಜಾ ಇರೋದು, ಬಂದೂಕು ಇಲ್ಲ. 2024ರ ಜೂನ್ 17ಕ್ಕೆ ಚೀನಾದವರು ಕೊಡಲಿ, ಚಾಕು ಹಿಡ್ಕೊಂಡು ದೋಣಿಗೆ ಡಿಕ್ಕಿ ಹೊಡೆದಾಗ ಫಿಲಿಪ್ಪೀನ್ಸಿನ ಒಬ್ಬ ನಾವಿಕ ಹೆಬ್ಬೆರಳು ಕಳ್ಕೊಂಡ. 1951ರ ರಕ್ಷಣಾ ಒಪ್ಪಂದದಲ್ಲಿ ಇರೋದು "ಪೆಸಿಫಿಕ್‌ನಲ್ಲಿ ಸಶಸ್ತ್ರ ದಾಳಿ" ಅಂತ. ಈ ಸಮುದ್ರ ಪೆಸಿಫಿಕ್ಕೇ ಅಂತ ಬಾಯ್ಬಿಟ್ಟು ಹೇಳೋಕೆ ಅಮೆರಿಕಾ 2019ರವರೆಗೂ ಎಳೆದಾಡ್ತು, ಅದೇನೋ ಸರಿ ಹೋಯ್ತು ಅನ್ಕೊಳ್ಳೋಣ. ಆದ್ರೆ ಒಂದು ಹೆಬ್ಬೆರಳು ಸಶಸ್ತ್ರ ದಾಳಿನಾ? ಯಾವ ಕಾಗದದಲ್ಲೂ ಬರೆದಿಲ್ಲ. ಮುಂದಿನ ಸಲ ಪ್ರಾಣನೇ ಹೋದ್ರೆ ಏನ್ ಮಾಡ್ತೀವಿ ಅಂತ ಚೀನಾಕ್ಕೂ ಫಿಲಿಪ್ಪೀನ್ಸ್‌ಗೂ ಈಗ್ಲೇ, ಮುಚ್ಚಿದ ಬಾಗಿಲ ಹಿಂದೆ ಆದ್ರೂ ಸರಿ, ಒಂದೇ ಮಾತು ಹೇಳಿರ್ಬೇಕು. 1990ರ ಜುಲೈ 25ರ ಥರ ಅರ್ಧಕ್ಕೆ ಬಿಡಬಾರ್ದು.

ಹಾಗಾಗಿ ನನ್ನ ಉತ್ತರ: ಸಮುದ್ರದ ಕಾನೂನು ವಿಷಯದಲ್ಲಿ ಪಕ್ಷ ವಹಿಸಿದ್ದು ಸರಿ, ದ್ವೀಪದ ವಿಷಯದಲ್ಲಿ ವಹಿಸದೇ ಇದ್ದಿದ್ದೂ ಸರಿ, ಮಾತು ಕೊಟ್ಟಿರೋದು ಮುಕ್ಕಾಲು ಸರಿ. ಹೆಸರು ಅದಲು ಬದಲು ಪರೀಕ್ಷೆಗೆ ಬಂದಾಗ ಮಾತ್ರ ಸಿಕ್ಕಿ ಹಾಕ್ಕೊಳ್ತಾರೆ. ಆ ತೀರ್ಪು ನಿಂತಿರೋ 1982ರ ಸಮುದ್ರ ಕಾನೂನು ಒಪ್ಪಂದವನ್ನ ಅಮೆರಿಕಾದ ಸೆನೆಟ್ ಇನ್ನೂ ಅನುಮೋದಿಸಿಲ್ಲ, ಚೀನಾ ಅನುಮೋದಿಸಿದೆ. 1986ರಲ್ಲಿ ನಿಕರಾಗುವಾ ಕೇಸಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಅಮೆರಿಕಾ ವಿರುದ್ಧ ತೀರ್ಪು ಕೊಟ್ಟಾಗ ಅವರೂ ಒಪ್ಕೊಳ್ಲಿಲ್ಲ. ತೀರ್ಪು ಕಸದ ಬುಟ್ಟಿಗೆ ಹಾಕೋದು ಹೇಗೆ ಅಂತ ಚೀನಾಕ್ಕೆ ಬೇರೆ ಯಾರೂ ಹೇಳಿಕೊಡ್ಬೇಕಾಗಿರ್ಲಿಲ್ಲ. ನನ್ನ ಪೇಪರಲ್ಲಿ ಆ ಒಂದು ಸಾಲಿನ ಮುಂದೆ ಕೆಂಪು ಪೆನ್ನಲ್ಲಿ ಹಾಕಿದ ಗುರುತು ಹಾಗೇ ಇದೆ, ಸೆನೆಟ್ ಓಟು ಹಾಕಿದ ದಿನ ಅಳಿಸ್ತೀನಿ.